ಪಗಾರ ಮುರಿಯದ ಒಂದು ದಿನ

ಆ ಶನಿವಾರ ಬೆಳಿಗ್ಗೆ ಮೋಡ ಪಾರಸಿಕ್ ಗುಡ್ಡದ ಮೇಲೆ ಬಂದು ಕೂತಿತ್ತು, ಇಳಿಯುವ ಮನಸ್ಸು ಮಾಡಿರಲಿಲ್ಲ. ಎರಡು ಸಾವಿರದ ಹದಿನಾಲ್ಕರ ಜೂನ್ ತಿಂಗಳು. ಗಾಳಿ ಒಂದಿಷ್ಟೂ ಇಲ್ಲ. ಹಗ್ಗದ ಮೇಲಿನ ಬಟ್ಟೆ ಎರಡು ದಿನವಾದರೂ ಒಣಗದು, ಡಬ್ಬಿಯಲ್ಲಿದ್ದ ಉಪ್ಪು ನೀರಾಗುವುದು, ಅಂಥ ಸೆಕೆ. ಇಂಥ ದಿನ ಗೋಡೆಗೆ ಬಣ್ಣ ಬಳಿಯಲು ಯಾರಾದರೂ ಹೊರಡುತ್ತಾರೆಯೆ? ಹೊರಟಿದ್ದರು. ಠಾಣೆ ಜಿಲ್ಲೆಯ ಕೋಪರಖೈರಣೆಯ ಒಂದು ಸಣ್ಣ ಕನ್ನಡ ಶಾಲೆಯ ಮುಂದೆ ಕಂಪನಿಯ ಬಸ್ಸು ನಿಂತಿತು. ಹಳದಿ ಟೀ ಶರ್ಟ್ ತೊಟ್ಟ ಇಪ್ಪತ್ತೆರಡು ಜನ ಇಳಿದರು.

ಅವರ ಮುಂದಾಳು ತಾರಾನಾಥರು. ಉಡುಪಿ ಕಡೆಯವರು, ಮಹಾಪೆಯ ಒಂದು ವಿಮಾ ಕಂಪನಿಯಲ್ಲಿ ಹದಿನೆಂಟು ವರ್ಷದ ಸರ್ವಿಸು. ಆ ಕಂಪನಿಯಲ್ಲಿ ಒಂದು ಒಳ್ಳೆಯ ಪದ್ಧತಿ ಇತ್ತು. ಪ್ರತಿಯೊಬ್ಬ ನೌಕರನೂ ವರ್ಷಕ್ಕೆ ಎರಡು ದಿನ ಆಫೀಸು ಬಿಟ್ಟು ಸಮಾಜದ ಕೆಲಸಕ್ಕೆ ಹೋಗಬಹುದು, ಸಂಬಳ ಮುರಿಯುವುದಿಲ್ಲ. ತಿಂಗಳ ಕೊನೆಯ ಶುಕ್ರವಾರ ಎಲ್ಲರೂ ಮನೆಯಿಂದ ತಿಂಡಿ ತಂದು ಊಟದ ಹೊತ್ತಿಗೆ ಮಾರುವುದು, ಬಂದದ್ದು ಸೇವೆಗೆ. ತಾರಾನಾಥರ ಹೆಂಡತಿ ವನಮಾಲಾ ಕಟ್ಟಿಕೊಡುತ್ತಿದ್ದ ಬನ್ಸ್ ಹತ್ತು ನಿಮಿಷದಲ್ಲಿ ಖಾಲಿ. ಈ ಸಲದ ಬಣ್ಣದ ಡಬ್ಬಿಗಳು ಬಂದದ್ದೇ ಆ ತಿಂಡಿಯಿಂದ.

ಶಾಲೆಯ ಮುಖ್ಯೋಪಾಧ್ಯಾಯಿನಿ ದಮಯಂತಿ ಟೀಚರು, ಧಾರವಾಡದವರು. ಬಂದವರಿಗೆಲ್ಲ ಕೈಮುಗಿದರು, ಚಹಾ ಇಡಿಸಿದರು. ಆ ಗೋಡೆಗೆ ಹಿಂದಿನ ಆಗಸ್ಟಿನಲ್ಲಿ ಒಂದು ಬ್ಯಾಂಕಿನವರು ಬಂದು ನೀಲಿ ಬಳಿದಿದ್ದರು. ಜನವರಿಯಲ್ಲಿ ಔಷಧಿ ಕಂಪನಿಯವರು ಬಂದು ಹಳದಿ ಬಳಿದು ಚಿಟ್ಟೆ ಬರೆದಿದ್ದರು. ಈಗ ಚಿಟ್ಟೆಗಳ ಮೇಲೆ ಹಸಿರು ಏರುತ್ತಿತ್ತು. ಏರಿದ್ದು ಒಣಗುತ್ತಿರಲಿಲ್ಲ. ನೋಡಲು ಬಂದ ಮಕ್ಕಳು ಒರಗಿ ನಿಂತು ಬೆನ್ನೆಲ್ಲ ಹಸಿರು ಮಾಡಿಕೊಂಡರು.

ಊಟದ ಬಿಡುವಿನಲ್ಲಿ ಟೀಚರನ್ನು ಹುಡುಕಿಕೊಂಡು ಗಂಗಾ ಬಂದದ್ದು ಆಗಲೇ. ಯಾದಗಿರಿ ಕಡೆಯವಳು, ಘಣಸೋಲಿಯಲ್ಲಿ ಏಳುತ್ತಿದ್ದ ಒಂದು ಬಿಲ್ಡಿಂಗಿನಲ್ಲಿ ಇಟ್ಟಿಗೆ ಹೊರುವ ಕೆಲಸ. ಜೊತೆಗೆ ಏಳನೇ ತರಗತಿ ಪಾಸಾದ ಮಗಳು ಬಾಗಿ. ಫೋಟೋಕ್ಕೆ ಅಡ್ಡ ಬರುತ್ತೀರಿ, ಸ್ವಲ್ಪ ಆಚೆ ನಿಲ್ಲಿ ಎಂದು ತಾರಾನಾಥರು ಹೇಳಿದರು. ಗಂಗಾ ಆಚೆ ನಿಂತಳು. ಸ್ವಲ್ಪ ಹೊತ್ತು ಕೆಲಸ ನೋಡಿ ಕೇಳಿದಳು.

“ಇದಕ್ಕ ಎಷ್ಟು ಪಗಾರ ಕೊಡ್ತಾರ್ರಿ ಸರ?”

“ಪಗಾರ ಎಂತದು ಮಾರಾಯ್ತಿ, ಇದು ಸೇವೆ. ಇವತ್ತು ನಮಗೆ ಆಫೀಸಿಲ್ಲ.”

“ಹಂಗಾದ್ರ ಇವತ್ತಿಂದು ಹೋತು ಅನ್ರಿ.”

“ಇಲ್ಲ, ಸಂಬಳ ಬರ್ತದೆ. ಕಂಪನಿಯೇ ಕೊಡುವ ರಜೆ.”

ಗಂಗಾ ಹಸಿ ಗೋಡೆಯನ್ನು ನೋಡಿದಳು. “ಕೆಲಸಕ್ಕ ಹೋಗಂಗಿಲ್ಲ, ಪಗಾರ ಮುರಿಯಂಗಿಲ್ಲ. ಅಂಥಾ ದಿನ ಒಂದು ನನಗ ಕೊಡ್ರಿ ಸರ. ಗ್ವಾಡಿ ಬ್ಯಾಡ.”

ಬ್ರಷ್ಷು ಹಿಡಿದವರೆಲ್ಲ ನಕ್ಕರು. ತಾರಾನಾಥರೂ ನಕ್ಕರು. ಗಂಗಾ ನಗಲಿಲ್ಲ. ಮಗಳ ಕೈ ಹಿಡಿದು ಟೀಚರ ಕೋಣೆಗೆ ಹೋದಳು.

ಚಹಾದ ಹೊತ್ತಿಗೆ ದಮಯಂತಿ ಟೀಚರು ವಿಷಯ ಬಿಡಿಸಿ ಹೇಳಿದರು. ಈ ಶಾಲೆ ಇರುವುದು ಏಳನೆಯ ತನಕ. ಮುಂದೆ ಓದಲು ಬಾಗಿಗೆ ಪನವೇಲಿನ ಹುಡುಗಿಯರ ಸರ್ಕಾರಿ ಹಾಸ್ಟೆಲಿನಲ್ಲಿ ಜಾಗ ಸಿಗುವಂತಿದೆ. ಆದರೆ ತಿಂಗಳು ಮುಗಿಯುವುದರೊಳಗೆ ತಾಯಿಯ ಆದಾಯದ ದಾಖಲೆ ಕೊಡಬೇಕು. ಅದು ಸಿಗುವುದು ಠಾಣೆ ನಗರದ ಸರ್ಕಾರಿ ಕಚೇರಿಯಲ್ಲಿ. ಜೂನ್ ತಿಂಗಳಲ್ಲಿ ಊರಿನ ಮಕ್ಕಳಿಗೆಲ್ಲ ಅದೇ ಕಾಗದ ಬೇಕು, ಇರುವ ಕಿಟಕಿ ಎರಡು. ಗಂಗಾ ಎರಡು ದಿನ ಹೋಗಿ ನಿಂತಳು. ಎರಡು ದಿನವೂ ಅವಳ ಸರದಿ ಬರುವ ಮೊದಲೇ ಹೊತ್ತು ಮುಗಿಯಿತು. ಎರಡು ದಿನದ ಕೂಲಿ ಹೋಯಿತು. ಮೂರನೇ ದಿನ ತಪ್ಪಿಸಿದರೆ ಬರುವುದೇ ಬೇಡ ಎಂದು ಕೂಲಿಯವರ ಮೇಸ್ತ್ರಿ, ಮುಕಾದಮ, ಹೇಳಿದ್ದಾನೆ. ದಾಖಲೆ ಸಿಗದಿದ್ದರೆ ಬಾಗಿಯೂ ತಾಯಿಯ ಜೊತೆ ಇಟ್ಟಿಗೆ ಹೊರಲು ಹೋಗುವವಳೇ.

“ಅಲ್ಲ ಟೀಚರ್, ಇದನ್ನು ನೀವು ಮೊದಲೇ ಹೇಳಬಹುದಿತ್ತಲ್ಲ?” ಎಂದರು ತಾರಾನಾಥರು.

“ನೀವು ಫೋನಿನಾಗ ಯಾವ ಬಣ್ಣ ಬೇಕು ಅಂತ ಕೇಳಿದ್ರಿ ಸರ. ನಾ ಹಸಿರು ಅಂದೆ.”

ತಾರಾನಾಥರು ಚಹಾದ ಲೋಟ ಕೆಳಗಿಟ್ಟರು. ಗಂಗಾಳ ಬದಲು ನಿಮ್ಮವರೊಬ್ಬರು ಸಾಲಿನಲ್ಲಿ ಜಾಗ ಹಿಡಿದರೆ ಸಾಕು ಎಂದರು ಟೀಚರು. ಆದರೂ ತಾರಾನಾಥರ ಸಂಶಯ ಹೋಗಲಿಲ್ಲ. ಇನ್ನೊಬ್ಬರಿಗಾಗಿ ಲೈನಿನಲ್ಲಿ ನಿಲ್ಲುವುದು ಸೇವೆ ಹೇಗಾಗುತ್ತದೆ? ಜನ ನೋಡಿದರೆ ಏಜೆಂಟ್ ಎನ್ನುತ್ತಾರೆ. ಕಂಪನಿಯ ಫಾರ್ಮಿನಲ್ಲಿ ಎಷ್ಟು ಚದರಡಿ ಬಳಿದಿರಿ ಎಂದು ಕೇಳುತ್ತಾರೆ, ಅಲ್ಲಿ ಏನು ಬರೆಯುವುದು?

“ಎಷ್ಟು ತಾಸು ನಿಂತ್ರಿ ಅಂತ ಬರೀರಿ,” ಎಂದರು ಟೀಚರು.

ಸಂಜೆ ಮನೆಯಲ್ಲಿ ವನಮಾಲಾ ದೇವರಿಗೆ ದೀಪ ಹಚ್ಚಿ ಬಂದು ಕೂತಾಗ ತಾರಾನಾಥರು ಇದನ್ನೆಲ್ಲ ಹೇಳಿದರು. ವನಮಾಲಾ ತನ್ನ ತವರಿನ ಮಾತು ತೆಗೆದಳು. ಅಲ್ಲಿ ಮಳೆಗಾಲ ಮುಗಿದ ಮೇಲೆ ಹೊಳೆಗೆ ಅಡ್ಡ ಮಣ್ಣಿನ ಕಟ್ಟ ಹಾಕುವ ಪದ್ಧತಿ. ಮನೆಗೊಂದಾಳು ಹೋಗಬೇಕು. ಅವಳ ಅಪ್ಪ ಹಿಂದಿನ ಸಂಜೆಯೇ ಕೆಲಸ ಹಂಚುವ ಗುರಿಕಾರರ ಮನೆಗೆ ಹೋಗಿ, ನಾಳೆ ಯಾವುದಕ್ಕೆ ಜನ ಕಡಿಮೆ ಎಂದು ಕೇಳಿ ಬರುತ್ತಿದ್ದರಂತೆ. ಹೆಚ್ಚಿನ ವರ್ಷ ಜನ ಕಡಿಮೆ ಬೀಳುತ್ತಿದ್ದದ್ದು ಹಲಗೆ ಹಿಡಿದು ಸೊಂಟಮಟ್ಟ ನೀರಲ್ಲಿ ನಿಲ್ಲುವುದಕ್ಕೆ.

“ಮಣ್ಣು ಹೊತ್ತವರದ್ದು ಎಲ್ಲರಿಗೂ ಕಾಣ್ತದೆ,” ಎಂದಳು ವನಮಾಲಾ. “ಅಪ್ಪ ಬೆಳಿಗ್ಗೆಯಿಂದ ನೀರಲ್ಲಿ ಸುಮ್ಮನೆ ನಿಂತವರು. ಆದರೆ ಅವರು ನಿಲ್ಲದಿದ್ದರೆ ಹಾಕಿದ ಮಣ್ಣು ನಿಲ್ತಿರಲಿಲ್ಲ.”

ಮೊಬೈಲು ನೋಡುತ್ತಿದ್ದ ಮಗಳು ಸಂಜನಾ ತಲೆಯೆತ್ತಲಿಲ್ಲ. ಇಲ್ಲೇ ಹುಟ್ಟಿದವಳು, ಕನ್ನಡ ಕೇಳಿಸಿಕೊಂಡು ಹಿಂದಿಯಲ್ಲಿ ಉತ್ತರ ಕೊಡುವವಳು. “ಪಪ್ಪಾ, ಮೇರೇ ಡೊಮಿಸಾಯಿಲ್ ಕೇ ಲಿಯೇ ಆಪ್ ಭೀ ತೋ ದೋ ದಿನ್ ಲೈನ್ ಮೇ ಖಡೇ ಥೇ.”

ನಿಂತಿದ್ದರು, ಹೌದು. ಹಿಂದಿನ ವರ್ಷ ಮಗಳ ಕಾಲೇಜಿಗೆ ವಾಸದ ದಾಖಲೆ ಬೇಕಾದಾಗ ಎರಡು ದಿನ ರಜೆ ಹಾಕಿ ಅಂಥದೇ ಸಾಲಿನಲ್ಲಿ ನಿಂತಿದ್ದರು. ಸಂಬಳದಲ್ಲಿ ಒಂದು ಪೈಸೆ ಕಡಿಮೆಯಾಗಿರಲಿಲ್ಲ. ಅದು ನೆನಪೂ ಉಳಿಯದಷ್ಟು ಸಣ್ಣ ಸಂಗತಿಯಾಗಿತ್ತು ಅವರಿಗೆ. 

ಸೋಮವಾರ ಅವರು ತಮ್ಮ ಮ್ಯಾನೇಜರ್ ಅಶ್ವತ್ಥನಾರಾಯಣರ ಮುಂದೆ ನಿಂತು, ಗಂಗಾಳಂಥವರ ಪರವಾಗಿ ಸಾಲಿನಲ್ಲಿ ನಿಲ್ಲಲು ಸೇವೆಯ ದಿನವನ್ನು ಶನಿವಾರದ ಬದಲು ವಾರದ ನಡುವೆ ಕೊಡಬೇಕು, ಎಲ್ಲರಿಗೂ ಒಂದೇ ದಿನ ಬೇಡ, ಒಬ್ಬೊಬ್ಬರಿಗೆ ಒಂದೊಂದು ದಿನ ಕೊಡಿ ಎಂದು ಕೇಳಿದರು. ಮೈಸೂರಿನ ಅಶ್ವತ್ಥನಾರಾಯಣರು ಎಲ್ಲ ಕೇಳಿಸಿಕೊಂಡರು.

“ಆಗಲಿ ಕಣ್ರೀ. ಆದರೆ ಯಾರ ಮೂಲ ಕಾಗದವೂ ನಮ್ಮ ಕೈಗೆ ಬೇಡ. ನಾವು ಜಾಗ ಹಿಡಿಯೋಣ, ಸರದಿ ಹತ್ತಿರ ಬಂದಾಗ ಫೋನು ಮಾಡೋಣ, ಅವರೇ ಬಂದು ಸಹಿ ಹಾಕಲಿ. ಒಬ್ಬರಿಗೆ ಒಬ್ಬರು, ಅಷ್ಟೇ. ಸಾಲು ಮುರಿದು ಮುಂದೆ ಹೋಗೋದು ಬೇಡ.”

ಬಣ್ಣಕ್ಕೆ ಬಂದಿದ್ದ ಇಪ್ಪತ್ತೆರಡು ಜನರಲ್ಲಿ ಇದಕ್ಕೆ ಕೈಯೆತ್ತಿದವರು ಐದು. ಟೀ ಶರ್ಟ್ ಹಾಕಬೇಕೇ ಎಂದು ಒಬ್ಬರು ಕೇಳಿದರು. ಹಾಕಿದರೆ ಜನ ನಮ್ಮ ಹಿಂದೆಯೇ ಇನ್ನೊಂದು ಲೈನು ಹಚ್ಚುತ್ತಾರೆ ಎಂದಳು ಹರ್ಷಿತಾ. ಕೆಲಸಕ್ಕೆ ಸೇರಿ ಎರಡು ವರ್ಷವಾಗಿದ್ದ ಹುಡುಗಿ.

ಬುಧವಾರ ತಾರಾನಾಥರೇ ಹೋದರು. ಒಂಬತ್ತಕ್ಕೆ ಠಾಣೆಯ ಕಚೇರಿ ಮುಟ್ಟಿದಾಗ ಮುಂದೆ ಎಂಬತ್ತು ಜನ. ಫ್ಯಾನಿಲ್ಲದ ಮೊಗಸಾಲೆ, ಕೂರಲು ಜಾಗವಿಲ್ಲ. ಒಳಗಿನ ಗುಮಾಸ್ತ ಕೆಟ್ಟವನೇನಲ್ಲ, ತಲೆಯೆತ್ತದೆ ಬರೆಯುತ್ತಲೇ ಇದ್ದ. ಆದರೂ ಆರು ಜನ ಮುಂದಿರುವಾಗ ಹೊತ್ತು ಮುಗಿಯಿತು. ಕಾಲು ಊದಿಸಿಕೊಂಡು ಲೋಕಲ್ ರೈಲು ಹತ್ತಿದ ತಾರಾನಾಥರಿಗೆ, ಗಂಗಾ ಇದೇ ಪ್ಲಾಟ್‌ಫಾರ್ಮಿನಲ್ಲಿ ಎರಡು ಸಲ ಹೀಗೆ ಬರಿಗೈಯಲ್ಲಿ ನಿಂತದ್ದು ಕಣ್ಣಿಗೆ ಕಟ್ಟಿತು. ತಮಗೆ ಹೋದದ್ದು ಹೊತ್ತು ಮಾತ್ರ. ಅವಳಿಗೆ ಹೋದದ್ದು ಆ ದಿನದ ಅಕ್ಕಿ.

ಮರುದಿನ ಹರ್ಷಿತಾ ಏಳೂವರೆಗೇ ಹೋದಳು. ಹನ್ನೊಂದಕ್ಕೆ ಫೋನು ಮಾಡಿದಳು. ಗಂಗಾ ಇಟ್ಟಿಗೆಯ ಕೆಂಪು ಧೂಳಿನ ಕೈಯಲ್ಲೇ ಬಂದು, ಕಾಗದ ಕೊಟ್ಟು, ಹೆಬ್ಬೆಟ್ಟು ಒತ್ತಿ, ಎರಡು ಗಂಟೆಗೆ ಕೆಲಸಕ್ಕೆ ತಿರುಗಿ ಹೋದಳು. ಮುಕಾದಮ ಅರ್ಧ ದಿನದ ಕೂಲಿ ಹಿಡಿದ, ಕೆಲಸ ಉಳಿಯಿತು. ಮುಂದಿನ ಶುಕ್ರವಾರ ದಾಖಲೆ ಕೈಗೆ ಬಂತು. ತಿಂಗಳ ಕೊನೆಯ ದಿನ ಬಾಗಿ ಒಂದು ತಗಡಿನ ಪೆಟ್ಟಿಗೆ ಹಿಡಿದು ಪನವೇಲಿನ ಹಾಸ್ಟೆಲಿನ ಮೆಟ್ಟಿಲು ಹತ್ತಿದಳು.

ಶಾಲೆಯಲ್ಲಿ ಇಂಥ ದಾಖಲೆ ಬೇಕಾದ ಮಕ್ಕಳು ಇನ್ನೂ ಒಂಬತ್ತು ಮಂದಿ ಇದ್ದರು. ತಾರಾನಾಥರ ಆಫೀಸಿನ ಗೋಡೆಗೆ ಒಂದು ಪಟ್ಟಿ ಅಂಟಿತು, ಯಾವ ದಿನ ಯಾರು, ಯಾವ ಮಗುವಿಗೆ ಎಂದು. ದಮಯಂತಿ ಟೀಚರು ಅದಕ್ಕೆ ಪಾಳಿ ಎಂದರು. ಅವರ ಕಡೆ ಸಾಲಿಗೂ ಪಾಳಿ, ಸರದಿಗೂ ಪಾಳಿ. ವನಮಾಲಾ ಕೂಡ, ಕಂಪನಿಯವಳಲ್ಲದಿದ್ದರೂ, ಮಂಗಳವಾರ ತನ್ನ ಹೆಸರು ಬರೆಸಿದಳು. ಶುಕ್ರವಾರದ ತಿಂಡಿಯಿಂದ ಬಂದದ್ದು ಈಗ ಜೆರಾಕ್ಸಿಗೆ, ಫೋಟೋಕ್ಕೆ, ಲೋಕಲ್ ಟಿಕೆಟಿಗೆ ಹೋಗುತ್ತಿತ್ತು.

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಕಂಪನಿಯಲ್ಲೂ ಇಂಥ ದಿನ ಇರಬಹುದು. ಇಲ್ಲದಿದ್ದರೆ ಕೇಳಿ ಪಡೆಯಿರಿ. ಹೊರಡುವ ಮೊದಲು ಯಾರಿಗೆ ಕೊಡುತ್ತೀರೋ ಅವರ ಬಾಗಿಲಿಗೆ ಹೋಗಿ, ನಿಮಗೆ ಯಾವುದು ಕಡಿಮೆ ಬಿದ್ದಿದೆ ಎಂದು ಕೇಳಿ. ಯಾವ ಬಣ್ಣ ಎಂದು ಆಮೇಲೆ ಕೇಳಿದರಾಯಿತು. ಎಲ್ಲರೂ ಒಂದೇ ದಿನ ಹೋಗಬೇಡಿ, ಸರದಿಯಲ್ಲಿ ಹೋಗಿ. ಅವರ ಕಾಗದ ಅವರ ಕೈಯಲ್ಲೇ ಇರಲಿ, ಅವರ ಮುಖ ನಿಮ್ಮ ಫೋಟೋದಲ್ಲಿ ಬೇಡ. ದೇವರು ಎಲ್ಲರಿಗೂ ದಿನಕ್ಕೆ ಇಪ್ಪತ್ನಾಲ್ಕು ತಾಸನ್ನೇ ಕೊಟ್ಟಿದ್ದಾನೆ. ಆದರೆ ಕೆಲವರ ತಾಸು ಕಳೆದರೆ ಒಲೆ ಹೊತ್ತುವುದಿಲ್ಲ. ನಿಮ್ಮದು ಹಾಗಲ್ಲದಿದ್ದರೆ, ಅದರಲ್ಲಿ ಒಂದಿಷ್ಟು ಹೊತ್ತು ಅವರ ಹೆಸರಿನಲ್ಲಿ ನಿಲ್ಲಿ.

ಇನ್ನೊಂದು ಸಂಗತಿ ಹೇಳಿ ಮುಗಿಸುತ್ತೇನೆ. ಜುಲೈಯಲ್ಲಿ ಮಳೆ ಹಿಡಿದು ಸುರಿಯುತ್ತಿತ್ತು. ಒಬ್ಬ ಗಾರೆ ಕೆಲಸದವನ ಮಗನ ವಿದ್ಯಾರ್ಥಿವೇತನದ ದಾಖಲೆಗೆ ಅಂದು ಹರ್ಷಿತಾಳ ಪಾಳಿ. ಏಳಕ್ಕೆ ಮುಟ್ಟಿದರೂ ಮೂವತ್ತು ಜನ ಆಗಲೇ ನಿಂತಿದ್ದರು. ಹಿಂದೆ ಹೋಗಿ ನಿಲ್ಲಬೇಕು ಎನ್ನುವಾಗ ಯಾರೋ ಕರೆದಂತಾಯಿತು. ನಾಲ್ಕನೆಯವಳಾಗಿ ಗಂಗಾ ನಿಂತಿದ್ದಳು, ತಲೆಯ ಮೇಲೆ ಸಿಮೆಂಟಿನ ಖಾಲಿ ಚೀಲ. ಅವಳ ಕಾಗದದಲ್ಲಿ ಏನಾದರೂ ತಪ್ಪಾಯಿತೇ ಎಂದು ಹರ್ಷಿತಾ ಗಾಬರಿಯಾಗಿ ಕೇಳಿದಳು.

“ಇಲ್ರೀ ಅವ್ವ. ಗಾರೆಯವ ನಮ್ಮ ಬಾಜೂ ಖೋಲಿಯವ. ಇವತ್ತು ನೀವು ಬರ್ತೀರಿ ಅಂದ. ಪಾಳಿ ಐದಕ್ಕ ಸುರು ಆಗ್ತದ, ನಿಮಗ ಗೊತ್ತಿಲ್ಲ.”

ಹಿಂದಿದ್ದವರಿಗೆ ಅವಳು ಮೊದಲೇ ಹೇಳಿಟ್ಟಿದ್ದಳು. ಯಾರೂ ತಕರಾರು ಮಾಡಲಿಲ್ಲ. ಎಂಟೂವರೆಗೆ ಘಣಸೋಲಿಯಲ್ಲಿ ಅವಳ ಹಾಜರಿ. ಗಂಗಾ ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಎರಡು ತಾಸು ತಾನು ಹಿಡಿದಿದ್ದ ಜಾಗದಲ್ಲಿ ಹರ್ಷಿತಾಳನ್ನು ನಿಲ್ಲಿಸಿ, ಮಳೆಯಲ್ಲಿ ಸ್ಟೇಷನ್ನಿನ ಕಡೆ ನಡೆದಳು.