ಆತಿಥ್ಯ ಅಕಾಡೆಮಿಯ ಮಕ್ಕಳು

ಹಾಸಿಗೆಯ ಮೂಲೆ ಎತ್ತುವಾಗಲೆಲ್ಲ ಒಫೀಲಿಯಾಳ ಬಲ ಮಣಿಕಟ್ಟು ಕಟಕ್ ಅನ್ನುತ್ತಿತ್ತು. ಅತಿಥಿಗಳ ಸುಖಕ್ಕೆಂದು ಹೋಟೆಲಿನವರು ಹೊಸ ದಪ್ಪ ಹಾಸಿಗೆ ತರಿಸಿದ್ದರು. ಮಲಗುವವರಿಗೆ ಅದು ಹೂವು, ಎತ್ತುವವರಿಗೆ ಹೆಣ. ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಳ್ಳುವುದು, ಕಕ್ಕಸು ತೊಳೆಯುವಾಗ ಬಿಚ್ಚುವುದು, ಮತ್ತೆ ಸುತ್ತಿಕೊಳ್ಳುವುದು. ಟೆಕ್ಸಾಸಿನ ಆ ಕಡಲೂರಿನ ‘ಗಲ್ಫ್ ಲ್ಯಾಂಟರ್ನ್’ ಹೋಟೆಲಿನಲ್ಲಿ ನಾಲ್ಕನೇ ಮಹಡಿಯನ್ನು ಅವಳು ಹೀಗೇ ವರ್ಷಗಟ್ಟಲೆ ತೊಳೆದಿದ್ದಳು. ಕಿಟಕಿಯಾಚೆ ಸಮುದ್ರವಿತ್ತು. ಅದನ್ನು ನೋಡಿಕೊಂಡು ನಿಲ್ಲುವುದಕ್ಕೆ ಯಾರೂ ಸಂಬಳ ಕೊಡುತ್ತಿರಲಿಲ್ಲ.

ಮಗಳು ನಯೇಲಿಗೆ ನರ್ಸ್ ಆಗುವ ಆಸೆ. ಅವಳು ಸರ್ಕಾರಿ ಹೈಸ್ಕೂಲಿಗೆ ಸೇರುವ ಹೊತ್ತಿಗೆ ಸರಿಯಾಗಿ ಶಾಲೆಯನ್ನು ಅಕಾಡೆಮಿಗಳಾಗಿ ಒಡೆದರು. ಆರೋಗ್ಯಕ್ಕೊಂದು, ಎಂಜಿನಿಯರಿಂಗಿಗೊಂದು, ಕಾನೂನಿಗೊಂದು, ಆತಿಥ್ಯಕ್ಕೊಂದು. ಮುಂದಿನ ಕಸುಬನ್ನು ಮಕ್ಕಳು ಈಗಲೇ ಆರಿಸಿಕೊಳ್ಳಲಿ, ಆಯ್ಕೆ ಪೂರ್ತಿ ಅವರದೇ ಎಂದು ಪೋಷಕರ ಸಭೆಯಲ್ಲಿ ಸಾರಿದರು. ಹೇಗೋ ಏನೋ, ಕಡಲ ಕಡೆಯ ದೊಡ್ಡ ಮನೆಗಳ ಮಕ್ಕಳೆಲ್ಲ ತಾವಾಗಿಯೇ ಎಂಜಿನಿಯರಿಂಗ್ ಆರಿಸಿಕೊಂಡರು. ರೈಲುಹಳಿಯ ಆಚೆಯ ಬಡಕೇರಿಯ ಮಕ್ಕಳೆಲ್ಲ ತಾವಾಗಿಯೇ ಆತಿಥ್ಯ ಆರಿಸಿಕೊಂಡರು.

ನಯೇಲಿ ಆರೋಗ್ಯವನ್ನೇ ಕೇಳಿದ್ದಳು. ಅಕಾಡೆಮಿಗಳನ್ನು ನೋಡಿಕೊಳ್ಳುತ್ತಿದ್ದ ಹ್ಯಾಡ್ಲಿ ಮೇಷ್ಟ್ರು ತಾಯಿ ಮಗಳಿಬ್ಬರನ್ನೂ ಕೂರಿಸಿಕೊಂಡು ಬಹಳ ಪ್ರೀತಿಯಿಂದ ಮಾತಾಡಿದರು.

“ಅಲ್ಲಿ ಸೀಟು ಭರ್ತಿಯಾಗಿದೆ. ಆದ್ರೆ ನೋಡಿ, ಈ ಕ್ಷೇತ್ರ ನಿಮ್ಮ ಮಗಳಿಗೆ ರಕ್ತದಲ್ಲೇ ಬಂದಿದೆ.”

“ಯಾವ ಕ್ಷೇತ್ರ ಸಾರ್?”

“ಆತಿಥ್ಯ! ನೀವೂ ಹೋಟೆಲಲ್ಲೇ ಅಲ್ವಾ ಇರೋದು?”

“ಹೋಟೆಲಲ್ಲಿ ಇರಲ್ಲ ಸಾರ್. ಹೋಟೆಲಲ್ಲಿ ಕಕ್ಕಸು ತೊಳೀತೀನಿ.”

ಹ್ಯಾಡ್ಲಿ ಮೆಚ್ಚುಗೆಯಿಂದ ತಲೆದೂಗಿದರು. “ಅದೇ ಬುನಾದಿ.”

ಆತಿಥ್ಯದ ಮಕ್ಕಳಿಗೆ ನೀಲಿ ಕೋಟು ಬೇಕಿತ್ತು. ತಾಯಂದಿರು ಚರ್ಚಿನ ಮುಂದೆ ಭಾನುವಾರ ಭಾನುವಾರ ತಮಾಲೆ ಎಂಬ ಜೋಳದ ಹಿಟ್ಟಿನ ಕಡುಬು ಬೇಯಿಸಿ ಮಾರಿ ಕೋಟು ಹೊಲಿಸಿದರು. ಎದೆಯ ಮೇಲೆ ಚಿನ್ನದ ಬಣ್ಣದ ದಾರದಲ್ಲಿ ‘ನಾಳೆಯ ಮ್ಯಾನೇಜರ್’ ಎಂದು ಬರೆದಿತ್ತು. ಕೌಂಟರಿನಲ್ಲಿ ಅತಿಥಿಗಳನ್ನು ಬರಮಾಡಿಕೊಳ್ಳುವುದು, ಮದುವೆ ಊಟದ ಮೇಲ್ವಿಚಾರಣೆ, ಲೆಕ್ಕಪತ್ರ, ಎಲ್ಲ ಕಲಿಸುತ್ತೇವೆಂದು ಶಾಲೆಯ ಬಣ್ಣದ ಪುಸ್ತಿಕೆ ಹೇಳುತ್ತಿತ್ತು. ಅದರೊಳಗಿನ ಫೋಟೋಗಳಲ್ಲಿ ಯಾರ ಕೈಯಲ್ಲೂ ಪೊರಕೆ ಇರಲಿಲ್ಲ.

ಮೂರನೇ ವರ್ಷ ಮಕ್ಕಳನ್ನು ‘ಪ್ರತ್ಯಕ್ಷ ಕಲಿಕೆ’ಗೆಂದು ಗಲ್ಫ್ ಲ್ಯಾಂಟರ್ನ್‌ಗೇ ಕಳಿಸಿದರು. ವಾರವಿಡೀ ಬೆಳಗಿನ ಹೊತ್ತು ಹೋಟೆಲು, ಮಧ್ಯಾಹ್ನ ತರಗತಿ. ಕಲಿಕೆಯಾದ್ದರಿಂದ ಸಂಬಳವಿಲ್ಲ. ಮ್ಯಾನೇಜರ್ ಪ್ರೆಂಟಿಸ್ ಮೇಡಂ ಒಫೀಲಿಯಾಳನ್ನೂ ಅವಳ ಜೊತೆಗಾತಿ ಡಾರ್ಲೀನಳನ್ನೂ ಕರೆದು, ಇಬ್ಬರ ಎದೆಗೂ ‘ಗುರು’ ಎಂಬ ಬಿಲ್ಲೆ ಚುಚ್ಚಿದಳು.

ಡಾರ್ಲೀನ್ ಆ ಹೋಟೆಲಿನಲ್ಲಿ ಎಲ್ಲರಿಗಿಂತ ಹಳಬಳು, ಬಾಯಿ ಜೋರು. “ಗುರುಗಳಿಗೆ ಸಂಬಳ ಜಾಸ್ತಿನಾ ಮೇಡಂ?” ಅಂದಳು.

“ಗೌರವ ಜಾಸ್ತಿ, ಡಾರ್ಲೀನ್.”

“ಹಂಗಾದ್ರೆ ಅಂಗಡಿಯವ್ನಿಗೆ ಅದನ್ನೇ ಕೊಡ್ತೀನಿ ಬಿಡಿ.”

ಗುರುಗಳು ಕಲಿಸಿದರು. ಶೀಟಿನ ಮೂಲೆ ಹೇಗೆ ಮಡಿಸಬೇಕು, ಸ್ನಾನದ ತೊಟ್ಟಿಯಲ್ಲಿನ ಕೂದಲು ಹೇಗೆ ತೆಗೆಯಬೇಕು, ಎಲ್ಲ. ನಯೇಲಿ ನೀಲಿ ಕೋಟನ್ನು ಕಳಚಿ ತಳ್ಳುಗಾಡಿಯ ಮೇಲೆ ಮಡಿಸಿಟ್ಟು, ಅಮ್ಮನ ಜೊತೆ ಹಾಸಿಗೆ ಎತ್ತಿದಳು.

“ಅಮ್ಮ, ಕೌಂಟರ್‌ಗೆ ಯಾವಾಗ ಕಳಿಸ್ತಾರೆ?”

“ಮೊದ್ಲು ಬುನಾದಿ ಅಂತೆ ಕಣೇ.”

ಮಕ್ಕಳು ಚುರುಕು, ಬೇಗ ಕಲಿತರು. ಅವರು ಕಲಿತ ಮೇಲೆ ಗುರುಗಳ ಅಗತ್ಯ ಕಡಿಮೆಯಾಯಿತು. ಒಫೀಲಿಯಾಳ ವಾರದ ಪಾಳಿ ಮೊದಲು ಒಂದು ದಿನ ಇಳಿಯಿತು, ಆಮೇಲೆ ಅರ್ಧಕ್ಕೆ ಬಂತು. ಡಾರ್ಲೀನಳದೂ ಅಷ್ಟೇ, ಉಳಿದ ಹೆಂಗಸರದೂ ಅಷ್ಟೇ. ಕೇಳಿದರೆ ಪ್ರೆಂಟಿಸ್ ನಿಟ್ಟುಸಿರು ಬಿಟ್ಟಳು. “ಏನ್ ಮಾಡೋದು, ಸೀಸನ್ ಡಲ್ಲು.” ಅವಳ ಬೆನ್ನ ಹಿಂದೆ, ಹೂಸ್ಟನ್ನಿಂದ ಬಂದವರಿಗೆ ಕಾರು ನಿಲ್ಲಿಸಲು ಜಾಗ ಸಾಲದೆ ಜಗಳವಾಗುತ್ತಿತ್ತು.

ನಯೇಲಿಯನ್ನು ಈಗ ಬೇರೆ ಮಹಡಿಗೆ ಹಾಕಿದ್ದರು, ಒಫೀಲಿಯಾ ಅವಳಿಗೆ ಏನೂ ಹೇಳಲಿಲ್ಲ. ಕೆಲಸವಿಲ್ಲದ ದಿನವೂ ಬೆಳಿಗ್ಗೆ ಎದ್ದು ಸಮವಸ್ತ್ರ ಹಾಕಿಕೊಳ್ಳುತ್ತಿದ್ದಳು. ಮಗಳು ಶಾಲೆಯ ಬಸ್ಸು ಹತ್ತಿದ ಮೇಲೆ ಬಿಚ್ಚಿಡುತ್ತಿದ್ದಳು. ಒಂದು ದಿನ ನಯೇಲಿ ತರಗತಿ ತಪ್ಪಿಸಿ ನಡುಮಧ್ಯಾಹ್ನವೇ ಬಂದಳು. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದಳು.

“ಅಮ್ಮ, ನಿನ್ ಪಟ್ಟಿ ಕೊಡು. ಮಣಿಕಟ್ಟು ಉಳುಕಿದೆ.” ಆಮೇಲೆ ಅಡಿಗೆಮನೆಯಲ್ಲಿ ಹಳೇ ಬಟ್ಟೆಯಲ್ಲಿ ಕೂತಿದ್ದ ತಾಯಿಯನ್ನು ನೋಡಿದಳು. “ಇದೇನು, ಮನೇಲಿದೀಯ?”

“ರಜ.”

“ಹೋಟೆಲು ತುಂಬಿ ತುಳುಕ್ತಿದೆ. ಯಾರು ಕೊಟ್ರು ರಜ?”

“ನೀನೇ ಕೊಟ್ಟೆ ಕಣೇ,” ಅಂದುಬಿಟ್ಟಳು ಒಫೀಲಿಯಾ.

ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಮಗಳು ಅಳಲಿಲ್ಲ. ಕೂತು, ಪಾಳಿ ಅರ್ಧಕ್ಕಿಳಿದ ಕತೆಯನ್ನೆಲ್ಲ ಕೇಳಿಸಿಕೊಂಡಳು. ಒಫೀಲಿಯಾ ಅವಳ ಕೈಗೆ ಪಟ್ಟಿ ಸುತ್ತಿದಳು. ಆ ಕೈ ತನ್ನ ಕೈಯ ಅಚ್ಚೇ ಆಗಿತ್ತು.

ಮರುದಿನ ಒಫೀಲಿಯಾ, ಡಾರ್ಲೀನ್ ಇಬ್ಬರೂ ಹ್ಯಾಡ್ಲಿಯವರ ಬಳಿ ಹೋದರು.

“ಮಕ್ಕಳು ಕೆಲಸ ಮಾಡ್ತಿಲ್ಲಮ್ಮ, ಕಲೀತಿದಾರೆ,” ಅಂದರು ಮೇಷ್ಟ್ರು.

“ಹಂಗಾದ್ರೆ ನಮ್ ಕೆಲಸ ಯಾರು ಮಾಡ್ತಿದಾರೆ ಸಾರ್? ದೆವ್ವನಾ?” ಅಂದಳು ಡಾರ್ಲೀನ್.

ಹ್ಯಾಡ್ಲಿ ನಕ್ಕರು. ಅವರು ಬೇರೆ ಸಂಭ್ರಮದಲ್ಲಿದ್ದರು. ರಾಜ್ಯದ ಶಿಕ್ಷಣಾಧಿಕಾರಿಗಳೆಲ್ಲ ಅಕಾಡೆಮಿಯ ಯಶಸ್ಸನ್ನು ಕಣ್ಣಾರೆ ನೋಡಲು ಬರುವವರಿದ್ದರು, ಇಳಿದುಕೊಳ್ಳುವುದು ಗಲ್ಫ್ ಲ್ಯಾಂಟರ್ನ್‌ನಲ್ಲೇ.

ಅವರು ಬರುವ ದಿನ ಬೆಳಿಗ್ಗೆ ಹಳೆಯ ಅತಿಥಿಗಳು ಕೋಣೆ ಖಾಲಿ ಮಾಡಿದರು. ಶಾಲೆಯ ಬಸ್ಸಿನಿಂದ ಮಕ್ಕಳು ಇಳಿದರು. ತಳ್ಳುಗಾಡಿಗಳ ಕಡೆ ಒಬ್ಬರೂ ಹೋಗಲಿಲ್ಲ. ಕೋಟಿನ ಗುಂಡಿ ಹಾಕಿಕೊಂಡು, ಕೂದಲು ನೇವರಿಸಿಕೊಂಡು, ನೆಟ್ಟಗೆ ಹೋಗಿ ಕೌಂಟರಿನ ಹಿಂದೆ ಸಾಲಾಗಿ ನಿಂತರು.

“ಏನಿದು? ಮೇಲೆ ಹೋಗಿ!” ಅಂದಳು ಪ್ರೆಂಟಿಸ್.

“ಹಾಸಿಗೆ ಕಲಿತಾಯ್ತು ಮೇಡಂ,” ಅಂದಳು ನಯೇಲಿ. “ಇವತ್ತು ಕೌಂಟರ್ ಕಲೀತೀವಿ. ಪುಸ್ತಿಕೇಲಿ ಹಂಗೇ ಇದೆ.”

ಪ್ರೆಂಟಿಸ್ ಹ್ಯಾಡ್ಲಿಗೆ ಫೋನು ಮಾಡಿದಳು. ಹ್ಯಾಡ್ಲಿ ಓಡಿಬಂದರು, ಬೇಡಿದರು, ಗದರಿದರು. ಮಕ್ಕಳು ತರಗತಿಯಲ್ಲಿ ಅವರೇ ಕಲಿಸಿದ ನಗುವನ್ನು ಅವರತ್ತಲೇ ನಕ್ಕರು. ಕೊನೆಗೆ ಪ್ರೆಂಟಿಸ್ ಹೆಂಗಸರಿಗೆಲ್ಲ ಕರೆ ಮಾಡಿದಳು. “ಬೇಗ ಬನ್ನಿ, ಸೀಸನ್ ಶುರುವಾಗಿದೆ.”

ಹೆಂಗಸರು ಬಂದರು. ಹಿತ್ತಿಲ ಬಾಗಿಲಿಂದಲ್ಲ, ಅತಿಥಿಗಳ ಗಾಜಿನ ಬಾಗಿಲಿಂದ. ಒಫೀಲಿಯಾ ಅಮೃತಶಿಲೆಯ ಮೇಲೆ ನಡೆದು ಬಂದಳು. ಕೌಂಟರಿನ ಹಿಂದೆ ಮಗಳು ನಿಂತಿದ್ದಳು, ನೀಲಿ ಕೋಟು, ತೋಳಿನಂಚಲ್ಲಿ ಇಣುಕುವ ಪಟ್ಟಿ. ಒಫೀಲಿಯಾ ಹೋಗಿ ಮೆತ್ತನೆಯ ಸೋಫಾದಲ್ಲಿ ಕೂತಳು. ಉಳಿದವರೂ ಕೂತರು.

“ಒಫೀಲಿಯಾ, ಕೂರೋಕೆ ಟೈಮಿಲ್ಲ!”

“ಎಲ್ರಿಗೂ ಮೊದಲಿನ ಹಂಗೆ ಪೂರ್ತಿ ವಾರ ಕೆಲಸ ಕೊಡ್ತೀನಿ ಅನ್ನಿ ಮೇಡಂ, ಏಳ್ತೀವಿ. ಬರೀ ಅಂದ್ರೆ ಸಾಲ್ದು, ಸಹಿ ಹಾಕಿ.” ತನ್ನ ದನಿ ತನಗೇ ಹೊಸದಾಗಿ ಕೇಳಿಸಿತು.

ಪ್ರೆಂಟಿಸ್ ಬಾಯಿ ತೆರೆಯುವಷ್ಟರಲ್ಲಿ ಗಾಜಿನ ಬಾಗಿಲು ಸರಿಯಿತು. ಪೆಟ್ಟಿಗೆ ಎಳೆದುಕೊಂಡು ಅಧಿಕಾರಿಗಳು ಒಳಬಂದರು. ಸಾಲಾಗಿ ನಿಂತ ನೀಲಿ ಕೋಟುಗಳನ್ನು ನೋಡಿ ಒಬ್ಬರು ಚಪ್ಪಾಳೆಯನ್ನೂ ತಟ್ಟಿದರು.

“ಗಲ್ಫ್ ಲ್ಯಾಂಟರ್ನ್‌ಗೆ ಸ್ವಾಗತ,” ಅಂದಳು ನಯೇಲಿ. “ಕ್ಷಮಿಸಿ ಸಾರ್, ನಿಮ್ಮ ರೂಮು ತಯಾರಾಗಿಲ್ಲ. ಯಾಕೆ ಅಂತ ಹೇಳ್ಲಾ?”

ಅವಳು ಹೇಳಿದಳು. ಅವಳು ನಿಲ್ಲಿಸಿದ ಕಡೆಯಿಂದ ಪಕ್ಕದ ಹುಡುಗ ಹೇಳಿದ. ಪ್ರೆಂಟಿಸ್ ಕೌಂಟರಿನಿಂದ ಒಂದು ಕಾಗದ ಎಳೆದು, ಎಲ್ಲರಿಗೂ ಪೂರ್ತಿ ವಾರ ಕೆಲಸ ಎಂದು ಬರೆದು ಸಹಿ ಹಾಕಿದಳು. ಆಮೇಲಷ್ಟೇ ಹೆಂಗಸರು ಎದ್ದು ಲಿಫ್ಟಿನ ಕಡೆ ನಡೆದರು.

ಅಧಿಕಾರಿಗಳು ಬಹಳ ಕಳವಳಪಟ್ಟರು, ಊಟ ಮಾಡಿದರು, ಹೋದರು. ಹೆಂಗಸರಿಗೆ ಪಾಳಿ ವಾಪಸ್ಸು ಸಿಕ್ಕಿತು. ವರ್ಷದ ಕೊನೆಗೆ ಶಾಲೆಯಿಂದ ಅಂಕಪಟ್ಟಿ ಬಂತು. ‘ಒಗ್ಗಟ್ಟಿನಿಂದ ಕೆಲಸ ಮಾಡುವ ಗುಣ’ ಎಂಬಲ್ಲಿ ನಯೇಲಿಗೆ ಸೊನ್ನೆ.

“ನಿಂಗೊಬ್ಳಿಗೇನಾ?” ಅಂದಳು ಒಫೀಲಿಯಾ.

“ಕೌಂಟರ್ ಹಿಂದೆ ನಿಂತಿದ್ದೋರಿಗೆಲ್ಲ ಸೊನ್ನೆನೇ. ಒಬ್ರನ್ನೂ ಬಿಟ್ಟಿಲ್ಲ.”

ತಾಯಿ ಮಗಳಿಬ್ಬರೂ ಮೇಜಿಗೆ ತಲೆಯಿಟ್ಟು ನಕ್ಕರು. ನಗು ನಿಲ್ಲುವ ಮೊದಲೇ ಡಾರ್ಲೀನಳ ಫೋನು ಬಂತು. ಹೋಟೆಲು ಈಗ ಪಕ್ಕದೂರಿನ ಹೈಸ್ಕೂಲಿನ ಜೊತೆ ಮಾತಾಡುತ್ತಿದೆಯಂತೆ, ಅಲ್ಲೂ ಆತಿಥ್ಯ ಅಕಾಡೆಮಿ ತೆರೆಯುತ್ತಾರಂತೆ, ನಾಳೆ ಪೋಷಕರ ಸಭೆಯಂತೆ.

“ನಮ್ಮನ್ನ ಯಾರೂ ಕರ್ದಿಲ್ಲ,” ಅಂದಳು ಡಾರ್ಲೀನ್.

“ಗುರುಗಳನ್ನ ಕರೀಬೇಕಾ?” ಅಂದಳು ಒಫೀಲಿಯಾ. “ಎಷ್ಟೊತ್ತಿಗೆ ಅಂತ ಕೇಳ್ಕೋ. ಮುಂದಿನ ಸಾಲಲ್ಲೇ ಕೂರೋಣ.”