ಹೇಳಿ ಒಳಗೆ ಹೋದವಳು

ಘಟನೆಗಳ ಕ್ರಮ ಹೀಗಿತ್ತು. ಜುಲೈ ಹದಿನಾಲ್ಕು, ಸೋಮವಾರ: ಪಾಠ. ಹದಿನೇಳು, ಗುರುವಾರ: ಒಂಬತ್ತನೇ ತರಗತಿಯ ಭಾನುಪ್ರಿಯ ಮುಟ್ಟಿನ ಎರಡನೆಯ ದಿನ ರೇಷ್ಮೆ ಹುಳುಮನೆಯೊಳಗೆ ಹೋಗಿ ಸೊಪ್ಪು ಹಾಕಿದಳು. ಇಪ್ಪತ್ತೊಂದು, ಸೋಮವಾರ: ಹುಳುಗಳಿಗೆ ಹಾಲುತೊಂಡೆ ರೋಗ ಕಾಣಿಸಿತು. ಇಪ್ಪತ್ತೆರಡರಿಂದ ಅವಳು ಶಾಲೆಗೆ ಬರಲಿಲ್ಲ.

ಪಾಠ ಮಾಡಿದವಳು ರಮ್ಯಾ. ಕನಕಪುರದ ಕಡೆಯವಳು, ಬಿ.ಎಸ್ಸಿ. ಮುಗಿಸಿ, ಮಾಗಡಿ ತಾಲ್ಲೂಕಿನ ಈ ಹಳ್ಳಿಯ ಪ್ರೌಢಶಾಲೆಗೆ ಅತಿಥಿ ಶಿಕ್ಷಕಿಯಾಗಿ ಜೂನ್‌ನಲ್ಲಿ ಬಂದಿದ್ದಳು. ಮಾಗಡಿಯಲ್ಲಿ ಒಂದು ಬಾಡಿಗೆ ಕೋಣೆ. ಸಂಜೆ ಬಸ್ಸಿಳಿದ ಮೇಲೆ ಮರುದಿನ ಬೆಳಗಿನವರೆಗೆ ಅವಳ ಬಾಯಿಂದ ಹೊರಡುತ್ತಿದ್ದ ಮಾತು ಒಂದೇ, ಹಾಲಿನ ಅಂಗಡಿಯಲ್ಲಿ: ‘ಅರ್ಧ ಲೀಟರ್.’

ಪಾಠದ ದಿನ ಮುಖ್ಯೋಪಾಧ್ಯಾಯ ಬೋರಲಿಂಗಯ್ಯನವರು ಹುಡುಗರನ್ನು ಆಟಕ್ಕೆ ಬಿಟ್ಟು, ತಾವೂ ಬಯಲಿನ ಆಚೆ ತುದಿಗೆ ಹೋಗಿ ನಿಂತಿದ್ದರು. ರಮ್ಯಾ ಗರ್ಭಕೋಶದ ಚಿತ್ರ ಬರೆದು, ಇಪ್ಪತ್ತೆಂಟು ದಿನಗಳ ಲೆಕ್ಕ ವಿವರಿಸಿದಳು. ಕೊನೆಗೆ ಎದ್ದು ನಿಂತವಳು ಭಾನುಪ್ರಿಯ ಒಬ್ಬಳೇ.

“ಮಿಸ್, ಆಗ ಹುಳುಮನೆಗೆ ಹೋದ್ರೆ ಹುಳಕ್ಕೆ ಏನಾದ್ರೂ ಆಯ್ತದಾ?”

“ಏನೂ ಆಗುವುದಿಲ್ಲ,” ಎಂದಿದ್ದಳು ರಮ್ಯಾ.

ಶನಿವಾರ ಮಧ್ಯಾಹ್ನ ಅವಳು ಭಾನುಪ್ರಿಯಳ ಮನೆ ಹುಡುಕಿಕೊಂಡು ಹೋದಳು. ಹುಡುಗಿ ಜಗಲಿಯ ಮೂಲೆಯಲ್ಲಿ ಕುಳಿತು ಹುಳು ಸಾಕುವ ಖಾಲಿ ತಟ್ಟೆಗಳನ್ನು ಉಜ್ಜುತ್ತಿದ್ದಳು. ಅಜ್ಜಿ ಚಿಕ್ಕಲಕ್ಷ್ಮಮ್ಮ ಕೂರಿ ಎನ್ನಲಿಲ್ಲ.

“ಬನ್ನಿ ಟೀಚರಮ್ಮ. ನಾಲ್ಕನೇ ಜ್ವರ ಎದ್ದು ಪೊರೆ ಬಿಟ್ಟಿದ್ದ ಹುಳ. ಇನ್ನೊಂದು ವಾರಕ್ಕೆ ಗೂಡು ಕಟ್ಟಬೇಕಾಗಿತ್ತು. ಎಲ್ಲಾ ತಿಪ್ಪೆಗೆ ಸುರುದ್ಬುಟ್ಟು ಬಂದೊ.”

“ಅಜ್ಜಿ, ಅದು ವೈರಸ್‌ನಿಂದ ಬರುವ ರೋಗ.”

“ವೈರಸ್ಸೇನು ಕಾಲು ಹಾಕ್ಕೊಂಡು ಬಂತಾ? ಇವಳೇ ಕರ್ಕೊಂಡೋದ್ಲು. ಅದೂ ಏನು ಜಂಬ! ನನ್ ಮುಂದೆ ನಿಂತ್ಕೊಂಡು, ‘ಅಜ್ಜಿ, ನಾನು ಹೊರಗಾಗಿದ್ದೀನಿ, ಆದ್ರೂ ಹೋಗ್ತೀನಿ, ಮಿಸ್ ಹೇಳವ್ರೆ’ ಅಂತ!”

“ಕದ್ದು ಹೋಗೋದು ತಪ್ಪಲ್ವಾ ಮಿಸ್? ಅದಕ್ಕೇ ಹೇಳಿ ಹೋದೆ,” ಎಂದಳು ಭಾನುಪ್ರಿಯ, ತಲೆ ಎತ್ತದೆ.

ಅಜ್ಜಿ ರಮ್ಯಾಳನ್ನೇ ದಿಟ್ಟಿಸಿದಳು. “ನಿಮ್ ಮನೇಲೂ ಹುಳ ಮೇಯಿಸ್ತಾರಂತಲ್ಲ. ನೀವು ಹೋಗಿದ್ರಾ ಆ ದಿನದಾಗೆ? ನಿಜ ಹೇಳಿ.”

ಹದಿನಾಲ್ಕನೆಯ ವಯಸ್ಸಿನಲ್ಲಿ, ತಾಯಿ ಜ್ವರದಿಂದ ಮಲಗಿದ್ದಾಗ, ರಮ್ಯಾ ಹೋಗಿದ್ದಳು. ಹುಳುಗಳು ಗೂಡು ಕಟ್ಟುವವರೆಗೆ ಎಂಟು ದಿನ ಅವಳು ರಾತ್ರಿ ಎದ್ದೆದ್ದು ಹೋಗಿ ತಟ್ಟೆಗಳನ್ನು ನೋಡಿ ಬರುತ್ತಿದ್ದಳು. ಬೆಳೆ ಚೆನ್ನಾಗಿಯೇ ಬಂತು. ತಾಯಿಗೆ ಇಂದಿಗೂ ಗೊತ್ತಿಲ್ಲ.

“ಇಲ್ಲ,” ಎಂದುಬಿಟ್ಟಳು ರಮ್ಯಾ.

ಭಾನುಪ್ರಿಯ ಆಗ ತಲೆ ಎತ್ತಿ ನೋಡಿದಳು.

“ನೋಡಿದ್ಯಾ? ಓದ್ದೋರೂ ಹೋಗಲ್ಲ,” ಎಂದಳು ಅಜ್ಜಿ. “ಇನ್ನು ಇಸ್ಕೂಲಿನ ಸಾವಾಸ ಸಾಕು ಇವಳಿಗೆ.”

ಭಾನುವಾರವಿಡೀ ರಮ್ಯಾ ಕೋಣೆಯ ಬಾಗಿಲು ತೆರೆಯಲಿಲ್ಲ. ತಾಯಿಗೆ ಫೋನ್ ಮಾಡಿ, ಊಟದ ವಿಷಯ ಮಾತನಾಡಿ, ಇಟ್ಟಳು.

ಸೋಮವಾರ ಒಂಬತ್ತನೇ ತರಗತಿಯ ಹುಡುಗಿಯರ ಮುಂದೆ ನಿಂತು ಅವಳು ತನ್ನ ಹದಿನಾಲ್ಕನೆಯ ವಯಸ್ಸಿನ ಆ ದಿನವನ್ನು ಹೇಳಿದಳು. ಶನಿವಾರದ ಸುಳ್ಳನ್ನೂ ಹೇಳಿದಳು. ಆಮೇಲೆ ಒಂದೇ ಅಳತೆಯ ಚೀಟಿಗಳನ್ನು ಹಂಚಿದಳು. ಹೆಸರು ಬೇಡ. ಮೂರು ಪ್ರಶ್ನೆ: ಆ ದಿನಗಳಲ್ಲಿ ಎಂದಾದರೂ ಹುಳುಮನೆಯೊಳಗೆ ಹೋಗಿದ್ದೀರಾ? ಆಗ ಬೆಳೆ ಕೆಟ್ಟಿತೇ? ಮನೆಯಲ್ಲಿ ಹೇಳಿದಿರಾ? ಹುಡುಗಿಯರು ಎಡಗೈಯಿಂದ ಚೀಟಿ ಮರೆಮಾಡಿಕೊಂಡು ಬರೆದರು.

ಬಂದ ಚೀಟಿಗಳು ಹದಿನಾಲ್ಕು. ಹೋಗಿದ್ದವರು ಹನ್ನೊಂದು. ಬೆಳೆ ಕೆಟ್ಟದ್ದು ಒಬ್ಬಳಿಗೆ. ಹೇಳಿದವರು ಯಾರೂ ಇಲ್ಲ. ರಮ್ಯಾ ತನ್ನನ್ನೂ ಭಾನುಪ್ರಿಯಳನ್ನೂ ಸೇರಿಸಿ ಒಂದು ಹಾಳೆಯಲ್ಲಿ ಪಟ್ಟಿ ಮಾಡಿದಳು.

ಮಂಗಳವಾರ ಸಂಜೆ ಜಗಲಿಯಲ್ಲಿ ಅಜ್ಜಿ ಒಬ್ಬಳೇ ಇದ್ದಳು. ಹುಡುಗಿ ನೀರಿಗೆ ಹೋಗಿದ್ದಳು. ರಮ್ಯಾ ನಿಂತುಕೊಂಡೇ ಹೇಳಿದಳು: “ಅವತ್ತು ನಾನು ಸುಳ್ಳು ಹೇಳಿದೆ ಅಜ್ಜಿ. ನಾನೂ ಹೋಗಿದ್ದೆ.” ಹಾಳೆಯನ್ನು ಓದಿದಳು. ಅಜ್ಜಿ ಬಹಳ ಹೊತ್ತು ಎಲೆಗೆ ಸುಣ್ಣ ಸವರುತ್ತಲೇ ಇದ್ದಳು.

“ಹೋದೋರು ಎಷ್ಟು ಅಂದ್ರಿ?”

“ಹದಿಮೂರು.”

“ಒಂದು ಜಾಸ್ತಿ ಬರ್ಕೊಳ್ಳಿ.”

ರಮ್ಯಾ ಪೆನ್ನು ತೆಗೆಯಲಿಲ್ಲ. ಅರ್ಥವಾಗಲು ಕ್ಷಣ ಹಿಡಿಯಿತು.

“ನಮ್ಮತ್ತೆ ಯಾರ್ದೋ ಸಾವಿಗೆ ಹೋಗಿದ್ಲು, ಹುಳ ಹಸ್ಕೊಂಡು ತಲೆ ಎತ್ತಿದ್ವು. ನಾನೇನು ಮಾಡ್ಲಿ? ಅಂಥಾ ಗೂಡು ಈ ಮನೇಲಿ ಮತ್ತೆ ಆಗ್ಲಿಲ್ಲ ಕಣವ್ವ. ಯಾರ್ ತಾವ ಹೇಳಾದು?” ಅಜ್ಜಿ ಬೀದಿಯತ್ತ ನೋಡಿ ದನಿ ತಗ್ಗಿಸಿದಳು. “ನಾಳೆಯಿಂದ ಇಸ್ಕೂಲಿಗೆ ಕಳಿಸ್ತೀನಿ. ಇದೊಂದ ಮಾತ್ರ ಅವಳಿಗೆ ಹೇಳಬೇಡಿ.”

ಬಸ್ ನಿಲ್ದಾಣದಲ್ಲಿ ಬೇರೆ ಯಾರೂ ಇರಲಿಲ್ಲ. ರಮ್ಯಾ ಹಾಳೆಯನ್ನು ಮೊಣಕಾಲ ಮೇಲಿಟ್ಟು ತಿದ್ದಿದಳು.

ಒಳಗೆ ಹೋದವರು: ಹದಿನಾಲ್ಕು. ಬೆಳೆ ಕೆಟ್ಟದ್ದು: ಎರಡು. ಮನೆಯಲ್ಲಿ ಹೇಳಿದವರು: ಒಬ್ಬಳು.