ಶನಿವಾರದ ಸ್ನಾನ

ಹಿಂದಿನ ದಿನವೇ ಸೈಮಾ ನೆಲ ಒರೆಸಿ ಮುಗಿಸಿದ್ದಳು. ಬೆಳಿಗ್ಗೆ ಐದಕ್ಕೆ ಎದ್ದು ಹಿಟ್ಟು ನಾದಿ, ಏಲಕ್ಕಿ ಕುಟ್ಟಿ ಹಾಕಿ, ಜಡೆಯ ಹಾಗೆ ಹೆಣೆದು ನಿಸು ಎಂಬ ಸಿಹಿ ಬ್ರೆಡ್ಡು ಬೇಯಿಸಿದಳು. ಆಮೇಲೆ ಗಂಡ ತೌನೋನಿಗೆ ಕ್ಷೌರ ಮಾಡಿದಳು. ಚರ್ಚಿಗೆ ಹೋಗುವಾಗ ಹಾಕುವ ನೀಲಿ ಅಂಗಿ ತೊಡಿಸಿ, ಗುಂಡಿ ಹಾಕಿ, ಅಡುಗೆಮನೆಯ ಮೇಜಿನ ಮುಂದೆ ಕೂರಿಸಿದಳು. ಹತ್ತು ಗಂಟೆಗೆ ಬರುವವಳು ನೆಂಟಳಲ್ಲ, ವೃದ್ಧರಿಗೆ ಸಿಗುವ ಸಹಾಯದ ಗಂಟೆಗಳನ್ನು ನಿಗದಿ ಮಾಡುವ ಕಚೇರಿಯವಳು ಎಂಬುದು ಅವಳಿಗೆ ಗೊತ್ತಿತ್ತು. ಆದರೆ ಅಮೆರಿಕದ ಹ್ಯಾಂಕಾಕ್ ಪಟ್ಟಣದ ಫಿನ್ನಿಷ್ ಮನೆಗಳಲ್ಲಿ ಬಾಗಿಲು ತಟ್ಟಿದವರು ಯಾರೇ ಆಗಲಿ, ಮೇಜಿನ ಮೇಲೆ ಕಾಫಿ, ನಿಸು ಇರಲೇಬೇಕು.

ಈಗ ಸಿಗುತ್ತಿದ್ದದ್ದು ವಾರಕ್ಕೆ ಒಂಬತ್ತು ಗಂಟೆ. ಸೋಮ, ಬುಧ, ಶುಕ್ರ ಬೆಳಿಗ್ಗೆ ಸಹಾಯಕಿ ಡಾರ್ಲೀನ್ ಬಂದು ತೌನೋನಿಗೆ ಸ್ನಾನ ಮಾಡಿಸಿ, ಬಟ್ಟೆ ಬದಲಿಸಿ, ಮನೆಯೊಳಗೇ ನಾಲ್ಕು ಸುತ್ತು ನಡೆಸುತ್ತಿದ್ದಳು. ಆ ಹೊತ್ತಿನಲ್ಲಿ ಸೈಮಾ ಈಜುಕೊಳಕ್ಕೆ ಹೋಗಿ, ಎದೆಮಟ್ಟದ ನೀರಿನಲ್ಲಿ ಮುಕ್ಕಾಲು ಗಂಟೆ ವ್ಯಾಯಾಮ ಮಾಡಿ ಬರುತ್ತಿದ್ದಳು. ಅವಳಿಗೆ ಎಪ್ಪತ್ತೊಂಬತ್ತು. ಮೂಳೆ ಸವೆದಿತ್ತು, ರಕ್ತದೊತ್ತಡವೂ ಇತ್ತು. "ಏನೇ ಆದ್ರೂ ಇದನ್ನ ಬಿಡಬೇಡಿ," ಎಂದಿದ್ದರು ಡಾಕ್ಟರು. "ನೀವು ಬಿದ್ರೆ ಒಬ್ರಲ್ಲ, ಇಬ್ರು ಬಿದ್ದ ಹಾಗೆ."

ತೌನೋನಿಗೆ ಎಂಬತ್ತನಾಲ್ಕು. ಮೂವತ್ತೊಂದು ಚಳಿಗಾಲ ಕೌಂಟಿಯ ಹಿಮ ತೆಗೆಯುವ ಲಾರಿ ಓಡಿಸಿದವನು. ಎರಡು ವರ್ಷದ ಹಿಂದೆ ಪಾರ್ಶ್ವವಾಯು ಬಡಿದ ಮೇಲೆ ಬಲಗಾಲು ಎಳೆಯುತ್ತಿತ್ತು, ನೆನಪು ಜಾಳಾಗಿತ್ತು. ತೀರಿಕೊಂಡು ಆರು ವರ್ಷವಾದ ತಮ್ಮ ಐನಾರ್ ಯಾಕೆ ಫೋನ್ ಮಾಡಿಲ್ಲ ಎಂದು ವಾರಕ್ಕೊಮ್ಮೆಯಾದರೂ ಕೇಳುತ್ತಿದ್ದ.

ಕಚೇರಿಯವಳ ಹೆಸರು ಕೋಲೀನ್. ಲ್ಯಾಪ್‌ಟಾಪ್ ಬಿಚ್ಚಿ, ನಿಸುವಿನ ಎರಡನೇ ತುಂಡು ಬೇಡ ಬೇಡ ಎನ್ನುತ್ತಲೇ ತಿಂದು, ಒಂದೊಂದೇ ಪ್ರಶ್ನೆ ಕೇಳಿದಳು.

"ಸ್ನಾನ ಹೇಗೆ ಮಾಡ್ತೀರಿ, ತೌನೋ?"

"ಸೌನಾ! ಪ್ರತಿ ಶನಿವಾರ. ಐದು ವರ್ಷದ ಹುಡುಗ ಆಗಿದ್ದಾಗಿಂದ ಒಂದು ಶನಿವಾರನೂ ತಪ್ಪಿಸಿಲ್ಲ. ಸೌದೆ ಒಲೆ ಕಣಮ್ಮ, ಈಗಿನವರ ಕರೆಂಟ್ ಒಲೆ ಅಲ್ಲ. ಕಲ್ಲಿಗೆ ನೀರು ಬಿದ್ರೆ ಹಬೆ ಹೆಂಗೆ ಏಳತ್ತೆ ಗೊತ್ತಾ?"

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಸೌನಾದ ಹಬೆಕೋಣೆ ಇದ್ದದ್ದು ನೆಲಮಾಳಿಗೆಯಲ್ಲಿ. ಹನ್ನೊಂದು ಮೆಟ್ಟಿಲು. ಇಳಿಯುವಾಗ ಸೈಮಾ ಒಂದು ಮೆಟ್ಟಿಲು ಕೆಳಗೆ ನಿಂತು ಅವನ ಸೊಂಟಪಟ್ಟಿ ಹಿಡಿಯುತ್ತಿದ್ದಳು, ಹತ್ತುವಾಗ ಹಿಂದಿನಿಂದ ಹೆಗಲು ಕೊಡುತ್ತಿದ್ದಳು. ಕೆಳಗಿನ ಹಲಗೆಯ ಮೇಲೆ ಕೂರಿಸಿ ಸೋಪು ಹಚ್ಚುತ್ತಿದ್ದವಳೂ ಅವಳೇ. ಆ ಹತ್ತು ನಿಮಿಷ ಮಾತ್ರ ಅವನು ಹಳೆಯ ತೌನೋ ಆಗುತ್ತಿದ್ದ. "ಇನ್ನೊಂದು ಚೊಂಬು ಹಾಕೇ, ಜಿಪುಣಿ," ಎನ್ನುತ್ತಿದ್ದ.

ಇದನ್ನೆಲ್ಲ ಹೇಳಬೇಕೆಂದು ಸೈಮಾ ಬಾಯಿ ತೆರೆದಳು. ತೌನೋನ ಮುಖ ಅರಳಿತ್ತು. ಗಂಡನ ಮೈ ತೊಳೆಯುವ ಸಂಗತಿಯನ್ನು ಹೊರಗಿನವರ ಮುಂದೆ ಆಡುವ ಮನೆಯಲ್ಲಿ ಅವಳು ಬೆಳೆದಿರಲಿಲ್ಲ. ಕಾಫಿ ಬಗ್ಗಿಸಿದಳು.

"ನಿಮ್ಮ ಆರೋಗ್ಯ?" ಎಂದಳು ಕೋಲೀನ್.

"ಪರವಾಗಿಲ್ಲ. ವಾರಕ್ಕೆ ಮೂರು ದಿನ ನೀರಿನ ವ್ಯಾಯಾಮ ಮಾಡ್ತೀನಿ."

"ಇವಳಿಗೇನಾಗತ್ತೆ, ಗಟ್ಟಿಗಿತ್ತಿ," ತೌನೋ ನಕ್ಕ. "ನನ್ನನ್ನ ಹೂತು ಬಂದು ಇನ್ನೊಂದು ಮದುವೆ ಆಗ್ತಾಳೆ ನೋಡ್ತಿರಿ."

ಮೂವರೂ ನಕ್ಕರು.

ಹದಿನೆಂಟು ದಿನಕ್ಕೆ ಕಾಗದ ಬಂತು. ಡಾರ್ಲೀನ್ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದಳು: ಸ್ನಾನ, ಸ್ವತಂತ್ರ. ಮನೆಯಲ್ಲಿ ಆರೈಕೆ ಮಾಡುವವರು, ಸದೃಢರು. ಇನ್ನು ಮುಂದೆ ವಾರಕ್ಕೆ ಎರಡು ಗಂಟೆ, ಅದೂ ಬಟ್ಟೆ ಒಗೆಯುವುದಕ್ಕೆ ಮತ್ತು ಮನೆ ಗುಡಿಸುವುದಕ್ಕೆ.

"ನಿಸು ಮಾಡಿ ಕೊಟ್ರಾ?" ಎಂದಳು ಡಾರ್ಲೀನ್.

"ಮನೆಗೆ ಬಂದವಳಿಗೆ ಏನೂ ಕೊಡದೆ ಕಳಿಸೋಕಾಗತ್ತಾ?"

"ಯಮ ಬಂದ್ರೂ ನೀವು, ಕೂತ್ಕೊಳ್ಳಪ್ಪ, ಕಾಫಿ ಕುಡಿದು ಹೋಗುವೆಯಂತೆ ಅಂತೀರಿ." ಡಾರ್ಲೀನ್ ನಗಲಿಲ್ಲ. ಅವಳಿಗೂ ಐವತ್ತೆಂಟಾಗಿತ್ತು, ಮಂಡಿ ನೋವಿತ್ತು. "ನಾನು ಮೊದಲೇ ಹೇಳಬೇಕಿತ್ತು. ಅವ್ರು ಕೇಳಿದಾಗ ಒಳ್ಳೇ ದಿನದ ಮಾತು ಆಡಬಾರದು, ಕೆಟ್ಟ ದಿನದ್ದು ಹೇಳಬೇಕು."

ಆ ಎರಡು ಗಂಟೆ ಮಂಗಳವಾರ ಬಿತ್ತು. ಮಂಗಳವಾರ ಕೊಳದಲ್ಲಿ ತರಗತಿ ಇರಲಿಲ್ಲ. ತೌನೋನನ್ನು ಒಬ್ಬನನ್ನೇ ಬಿಟ್ಟು ಹೋಗುವಂತಿರಲಿಲ್ಲ. ಏಳು ವಾರ ಸೈಮಾ ನೀರಿಗೆ ಇಳಿಯಲಿಲ್ಲ. ಮೂರನೇ ವಾರದಿಂದ ಕುರ್ಚಿಯಿಂದ ಏಳಲು ಕೈ ಊರಬೇಕಾಯಿತು. ಏಳನೇ ವಾರದ ಶನಿವಾರ, ಮೆಟ್ಟಿಲು ಹತ್ತುವಾಗ ತೌನೋನ ಬಲಗಾಲು ಜಾರಿ ಅವನ ಭಾರವೆಲ್ಲ ಅವಳ ಮೇಲೆ ಬಂತು. ಕಂಬಿ ಹಿಡಿದದ್ದರಿಂದ ಇಬ್ಬರೂ ಉಳಿದರು. ಅವಳ ಮುಂಗೈ ಊದಿಕೊಂಡಿತು. ಡಾಕ್ಟರ ಮಾತು ನೆನಪಾಯಿತು. ಸೋಮವಾರ ಮರುಪರಿಶೀಲನೆಗೆ ಅರ್ಜಿ ಹಾಕಿದಳು.

"ಈ ಸಲ ಕ್ಷೌರ ಬೇಡ, ಕಾಫಿ ಬೇಡ," ಎಂದಳು ಡಾರ್ಲೀನ್. "ಅವರು ಏಳೋಕೆ ಒದ್ದಾಡಿದ್ರೆ ಕೈ ಕೊಡಬೇಡಿ. ಕಚೇರಿಯವಳು ನೋಡಲಿ. ಎಲ್ಲಾ ಬಿಡಿಸಿ ಹೇಳಿ."

"ಅವನ ಎದುರಿಗಾ?"

"ಎದುರಿಗೇ. ಅವರು ಇರಲೇಬೇಕು ಅಂತ ನಿಯಮ."

ಕೋಲೀನ್ ಬಂದಾಗ ಮೇಜು ಬರಿದಾಗಿತ್ತು. ತೌನೋ ಮೂರು ದಿನದ ಗಡ್ಡ ಸವರಿಕೊಳ್ಳುತ್ತ, "ಕಾಫಿ ಎಲ್ಲಿ ಸೈಮಾ? ಬಂದವರಿಗೆ ಏನೂ ಇಲ್ವಾ?" ಎಂದ. ಸ್ನಾನದ ಪ್ರಶ್ನೆಗೆ ಅವನು ಅದೇ ಹೇಳಿದ. ಸೌನಾ, ಸೌದೆ ಒಲೆ, ಒಂದು ಶನಿವಾರವೂ ತಪ್ಪಿಲ್ಲ. ಕೋಲೀನ್ ಸೈಮಾಳ ಕಡೆ ತಿರುಗಿದಳು.

ಸೈಮಾ ಮೇಜಿನ ಅಂಚನ್ನೇ ನೋಡುತ್ತ ಹೇಳಿದಳು. "ಅವನಿಗೆ ಆಗಲ್ಲ. ನಾನೇ ಇಳಿಸ್ತೀನಿ, ನಾನೇ ತೊಳೀತೀನಿ. ವಾರದಲ್ಲಿ ಎರಡು ಮೂರು ಸಲ ಹಾಸಿಗೆ ಒದ್ದೆ ಆಗತ್ತೆ. ಕೆಲವು ಸಲ ಬರೀ ಒದ್ದೆ ಅಲ್ಲ. ಹೋದ ತಿಂಗಳು ನನ್ನನ್ನ ಅವರಮ್ಮ ಅಂದ್ಕೊಂಡು ಕರೆದ. ಮೆಟ್ಟಿಲಲ್ಲಿ ಇಬ್ಬರೂ ಬೀಳ್ತಿದ್ವಿ."

ತೌನೋ ಎದ್ದು ಹೋಗಲು ನೋಡಿದ. ಮೊದಲ ಸಲ ಆಗಲಿಲ್ಲ, ಎರಡನೇ ಸಲವೂ ಆಗಲಿಲ್ಲ. ಅವನ ಕೈ ಗಾಳಿಯಲ್ಲಿ ಸೈಮಾಳ ಭುಜ ಹುಡುಕಿತು. ಅವಳು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಳು. ಕೋಲೀನ್ ನೋಡುತ್ತಿದ್ದಳು, ಬರೆದುಕೊಳ್ಳುತ್ತಿದ್ದಳು. ಮೂರನೇ ಸಲ ಎದ್ದ ತೌನೋ ಗೋಡೆ ಹಿಡಿದು ಕೋಣೆಗೆ ಹೋದ.

ವಾರಕ್ಕೆ ಏಳು ಗಂಟೆ ಮಂಜೂರಾಯಿತು. ಸ್ನಾನವೂ ಸೇರಿತ್ತು. ಸೈಮಾ ಮತ್ತೆ ಸೋಮವಾರ, ಬುಧವಾರ ನೀರಿಗೆ ಇಳಿದಳು. ತಿಂಗಳೊಳಗೆ ಕಾಲಿಗೆ ಬಲ ಬಂತು. "ಎಪ್ಪತ್ತೊಂಬತ್ತು ಅಂದ್ರೆ ಯಾರೂ ನಂಬಲ್ಲ," ಎಂದು ಕೊಳದ ತರಬೇತುದಾರಳು ಎಲ್ಲರೆದುರು ಹೊಗಳಿದಳು.

ಶನಿವಾರ ಮಾತ್ರ ಮೊದಲಿನಂತಾಗಲಿಲ್ಲ. ಗಂಟೆ ಮಂಜೂರಾದ ಮೊದಲ ಶನಿವಾರ ಅವಳು ಒಲೆ ಹಚ್ಚಿ, ಟವೆಲು ಹಿಡಿದು ಬಂದು ಕರೆದಳು. "ಬಾ, ಕಲ್ಲು ಕಾದಿದೆ."

"ನಾನು ಬರಲ್ಲ."

"ಶನಿವಾರ ಇವತ್ತು."

"ಗೊತ್ತು." ಅವನು ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. "ನನಗೆ ಆಗಲ್ಲ ಅಂತ ಅವಳ ಮುಂದೆ ಹೇಳಿದೆಯಲ್ಲ. ತೊಳೆಯೋಕೆ ಡಾರ್ಲೀನ್ ಬರ್ತಾಳೆ."

ಮರೆತುಬಿಡುತ್ತಾನೆ ಎಂದುಕೊಂಡಳು. ಮುಂದಿನ ಶನಿವಾರವೂ ಅದೇ ಮಾತು, ಅದರ ಮುಂದಿನದಕ್ಕೂ ಅದೇ. ಐನಾರ್ ಫೋನ್ ಮಾಡಿಲ್ಲವಲ್ಲ ಎಂದು ಕೇಳುವುದು ನಿಲ್ಲಲಿಲ್ಲ. ಬೆಳಗಿನ ಗಂಜಿ ಕುಡಿದದ್ದು ಹತ್ತು ಗಂಟೆಗೆ ಮರೆತಿರುತ್ತಿತ್ತು. ಇದೊಂದು ಅವನಿಗೆ ಮರೆಯಲಿಲ್ಲ.

ನಾಲ್ಕನೇ ಶನಿವಾರ ಅವಳು ಒಬ್ಬಳೇ ಇಳಿದಳು. ಎರಡು ವರ್ಷದಿಂದ ಕೆಳಗಿನ ಹಲಗೆಯಲ್ಲೇ ಅವನ ಪಕ್ಕ ಕೂರುತ್ತಿದ್ದವಳು ಇವತ್ತು ಮೇಲಿನದಕ್ಕೆ ಹತ್ತಿ ಕುಳಿತು, ಕಲ್ಲಿಗೆ ಒಂದು ಚೊಂಬು ನೀರು ಸುರಿದಳು. ಇನ್ನೊಂದು ಹಾಕು ಎನ್ನುವವರು ಯಾರೂ ಇರಲಿಲ್ಲ. ಐದು ನಿಮಿಷಕ್ಕೆ ಸಾಕೆನಿಸಿತು. ಮೈ ಒರೆಸಿಕೊಂಡು, ಒಲೆಯ ಬಾಯಿ ಮುಚ್ಚಿ, ಹನ್ನೊಂದು ಮೆಟ್ಟಿಲನ್ನೂ ಕಂಬಿ ಮುಟ್ಟದೆ ಹತ್ತಿದಳು. ಕಾಲು ಅಷ್ಟು ಗಟ್ಟಿಯಾಗಿತ್ತು.